ಮಾಟಗಾತಿಯೂ ನಮ್ಮ ಮಗಳೂ

ದಾದರ್ ನಿಲ್ದಾಣದ ಪ್ಲಾಟ್‌ಫಾರ್ಮುಗಳಿಗೆ 2023ರ ಡಿಸೆಂಬರಿನಲ್ಲಿ ಹೊಸ ಅಂಕೆಗಳು ಬಂದದ್ದು ಓದುಗರಿಗೆ ನೆನಪಿರಬಹುದು. ಅದುವರೆಗೆ ಪಶ್ಚಿಮ ರೈಲ್ವೆಗೂ ಒಂದು ‘ಒಂದನೇ ನಂಬರು’, ಮಧ್ಯ ರೈಲ್ವೆಗೂ ಒಂದು ‘ಒಂದನೇ ನಂಬರು’ ಇದ್ದು, ಊರಿನ ನೆಂಟರನ್ನು ಕರೆತರಲು ಹೋದವರು ಒಂದು ಕಡೆ, ನೆಂಟರು ಇನ್ನೊಂದು ಕಡೆ ನಿಂತು ಪರದಾಡುವುದು ವಾಡಿಕೆಯಾಗಿತ್ತು. ಈಗ ಪಶ್ಚಿಮದವರ 7 ಮುಗಿದ ಮೇಲೆ ಮಧ್ಯದವರದು 8ರಿಂದ 14. ಸರಕಾರಿ ನೌಕರರಾದ ನಮಗೆ ಇಂಥ ಕ್ರಮಬದ್ಧತೆ ಎಂದರೆ ಪ್ರೀತಿ. ಮನೆಯಲ್ಲಿ ಈ ವಿಷಯವನ್ನು ಮೆಚ್ಚುಗೆಯಿಂದ ಹೇಳಿದೆವು. ನಮ್ಮ ಮಗಳು ಪುಸ್ತಕದಿಂದ ತಲೆಯೆತ್ತಿ, “ಹಾಗಾದರೆ ಅಪ್ಪಾ, ಇನ್ನು ಮೇಲೆ ನಮ್ಮ ದಾದರಿನಲ್ಲೂ ಒಂಬತ್ತೂ ಮುಕ್ಕಾಲು ಇರುತ್ತದೆ” ಎಂದಳು.

ನಮಗೆ ಅರ್ಥವಾಗಲಿಲ್ಲ. ಅವಳೇ ವಿವರಿಸಿದಳು. ಹ್ಯಾರಿ ಪಾಟರ್ ಎಂಬ ಹುಡುಗ ಮಾಟದ ಶಾಲೆಗೆ ಹೋಗುವ ರೈಲು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 9 ಮತ್ತು 10ರ ನಡುವಿನ, ಬೇರೆಯವರ ಕಣ್ಣಿಗೆ ಬೀಳದ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದಂತೆ. 1997ರಲ್ಲಿ ಹೊರಟ ಆ ಪುಸ್ತಕಮಾಲೆಯನ್ನು ಅವಳು ಎಂದೋ ಮುಗಿಸಿಬಿಟ್ಟಿದ್ದಳು. ಈಗ ಓದುತ್ತಿದ್ದದ್ದು ಅದರ ಮೊಮ್ಮಕ್ಕಳು ಎನ್ನಬಹುದಾದ ಪುಸ್ತಕಗಳನ್ನು. ನಾಯಕಿ ಹದಿನಾಲ್ಕೋ ಹದಿನಾರೋ ವರ್ಷದವಳು. ವಾಸ ಒಂದು ದೊಡ್ಡ ಪಟ್ಟಣದಲ್ಲಿ. ಹಗಲು ಶಾಲೆ, ಪರೀಕ್ಷೆ, ಬಸ್ಸು, ಅಮ್ಮನ ಬೈಗುಳ. ಸಂಜೆಯಾದರೆ ಅವಳು ಮಾಟಗಾತಿ. ಇವಕ್ಕೆ ‘ಅರ್ಬನ್ ಫ್ಯಾಂಟಸಿ’ ಎಂದು ಹೆಸರು. ಮಾಟುಂಗದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಅಂಗಡಿಗಳಲ್ಲಿ ಹಳೆಯ ಪ್ರತಿಗಳು ಸಿಗುತ್ತವೆ. ಹತ್ತನೆಯ ತರಗತಿಯ ವರ್ಷ ಬಂದ ಮೇಲೆ ಇವು ಭೌತಶಾಸ್ತ್ರದ ಪುಸ್ತಕದ ಕೆಳಗೆ, ದಿಂಬಿನ ಕೆಳಗೆ, ಒಮ್ಮೆ ಅಕ್ಕಿ ಡಬ್ಬದ ಹಿಂದೆ ಕೂಡ ದೊರೆಯತೊಡಗಿದವು.

ಇಂಥವುಗಳ ಮೇಲಿನ ಮೋಹ ಹೊಸದಲ್ಲ ಎಂದು ಆಮೇಲೆ ಹೊಳೆಯಿತು. ನಾವು ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಪಾಸು ಮಾಡಿ ಮುಂಬಯಿಗೆ ಬಂದ ಹೊಸದರಲ್ಲಿ, ನಾಲ್ವರು ಬ್ರಹ್ಮಚಾರಿಗಳು ಒಂದೇ ಖೋಲಿಯಲ್ಲಿದ್ದಾಗ, ಪಕ್ಕದ ಮನೆಯ ಟಿ.ವಿ.ಯಲ್ಲಿ ‘ಶರಾರತ್’ ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. 2003ರಿಂದ 2006ರವರೆಗೆ ನಡೆದ ಅದರಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರಿಗೂ ಮಂತ್ರಶಕ್ತಿ. ಕಾಲೇಜಿಗೆ ಹೋಗುವ ಮೊಮ್ಮಗಳು ಮಂತ್ರ ತಪ್ಪಾಗಿ ಹೇಳಿ ಫಜೀತಿ ಮಾಡಿಕೊಳ್ಳುವುದೇ ಕತೆ. ಫರೀದಾ ಜಲಾಲ್ ಅಜ್ಜಿಯಾಗಿದ್ದರು. ಆ ಚಾಳಿನ ಹುಡುಗಿಯರು ಆ ಹೊತ್ತಿನಲ್ಲಿ ನಲ್ಲಿಯ ಬಳಿ ಸಹ ಕಾಣಿಸುತ್ತಿರಲಿಲ್ಲ. ನಾವೂ ನೋಡಿ ನಕ್ಕಿದ್ದೆವು. ಆಗ ಅದರಲ್ಲಿ ಮೂಢನಂಬಿಕೆ ನಮಗೆ ಕಂಡಿರಲಿಲ್ಲ.

ಅದು ಕಂಡದ್ದು ನಮ್ಮ ಸ್ವಂತ ಮಗಳ ದಿಂಬಿನ ಕೆಳಗೆ. ನಾವು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರು. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನ್ ಹನಿಸಿದರೆ ತಾನಾಗಿ ಬೆಂಕಿ ಏಳುತ್ತದೆಂದೂ, ಯಜ್ಞಕುಂಡದಲ್ಲಿ ‘ಮಂತ್ರಬಲದಿಂದ’ ಅಗ್ನಿ ತರಿಸುವವರ ಗುಟ್ಟು ಇಷ್ಟೇ ಎಂದೂ ಬಲ್ಲವರು. ಡಾ. ನರೇಂದ್ರ ದಾಭೋಳಕರರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಗುಂಡಿಟ್ಟು ಕೊಂದಾಗ ಕಛೇರಿಯಲ್ಲಿ ಊಟ ಮಾಡದೆ ಕೂತದ್ದುಂಟು. ಅವರು ಹದಿನೆಂಟು ವರ್ಷ ಹೋರಾಡಿದರೂ ಆಗದ ಕಾನೂನು, ಅವರು ಸತ್ತ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯಾಗಿ ಹೊರಟಿತು. ಕರ್ನಾಟಕದ ಕಾಯಿದೆ 2017ರದು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಇಷ್ಟೆಲ್ಲ ಆದ ನಾಡಿನಲ್ಲಿ, ಇಂಥ ಅಪ್ಪನ ಮಗಳು, ಮೆಟ್ರಿಕ್ ವರ್ಷದಲ್ಲಿ ಮಾಟದ ಪುಸ್ತಕ ಓದುವುದೇ? ಒಂದು ರಾತ್ರಿ ಪುಸ್ತಕ ಕಸಿದುಕೊಂಡು ಅಲ್ಮೇರಾದಲ್ಲಿಟ್ಟು ಬೀಗ ಹಾಕಿದೆವು. ಜೊತೆಗೆ ವೈಜ್ಞಾನಿಕ ಮನೋಭಾವವೆಂಬುದು ಸಂವಿಧಾನದ 51ಎ ವಿಧಿಯಂತೆ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಣ್ಣದೊಂದು ಭಾಷಣವನ್ನೂ ಮಾಡಿದೆವು.

ಮಗಳು ಅಳಲಿಲ್ಲ. “ಬಾಗಿಲ ಮೇಲಿನ ನಿಂಬೆಹಣ್ಣು ಯಾವ ವಿಧಿಯಲ್ಲಿ ಬರುತ್ತದೆ?” ಎಂದಳು.

ನಮ್ಮ ಕಟ್ಟಡಕ್ಕೆ ಪ್ರತಿ ಶನಿವಾರ ಒಬ್ಬ ಹುಡುಗ ಬರುತ್ತಾನೆ. ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿದ ದಾರವನ್ನು ಅಂಗಡಿಗಳಿಗೂ ಕೆಲವು ಮನೆಗಳಿಗೂ ಕಟ್ಟಿ ಹೋಗುತ್ತಾನೆ. ನಮ್ಮ ಬಾಗಿಲಿಗೂ ಕಟ್ಟುತ್ತಾನೆ, ಹಣವನ್ನು ನಾವೇ ಕೊಡುತ್ತೇವೆ. ಮನೆಯಾಕೆಯ ಸಮಾಧಾನಕ್ಕೆ ಎಂದು ನಾವು ಹೇಳಿಕೊಂಡಿದ್ದೆವು. ನಮ್ಮ ಸಮಾಧಾನಕ್ಕೆ ಎಂದು ಆಕೆ ತಿಳಿದಿದ್ದಳೆಂಬುದು ಅಂದು ರಾತ್ರಿ ಬಯಲಾಯಿತು. ಯಾರ ದೃಷ್ಟಿಯಿಂದ ಕಾಪಾಡಲು ಈ ದಾರ? ದೃಷ್ಟಿ ಹಾಕುವವಳು ಎಂದರೆ ನಮ್ಮ ಕಣ್ಣಿಗೆ ಬರುವ ರೂಪ ಯಾವುದು? ಮುದುಕಿ, ವಿಧವೆ, ಬಂಜೆ, ಒಂಟಿ ಹೆಂಗಸು. ಗಂಡಸಿನ ರೂಪ ಬರುವುದಿಲ್ಲ. ನಮ್ಮ ಭಾಷೆಯೇ ಹಾಗಿದೆ. ಮಂತ್ರ ಹಾಕುವ ಗಂಡಸು ‘ಮಂತ್ರವಾದಿ’, ಅವನಿಗೆ ಮಣೆ, ದಕ್ಷಿಣೆ, ತಾಂಬೂಲ. ಅದೇ ಆರೋಪ ಹೊತ್ತ ಹೆಂಗಸು ‘ಮಾಟಗಾತಿ’. ಲೋಕಲ್ ಗಾಡಿಯ ಡಬ್ಬಿಯೊಳಗೆ ಅಂಟಿಸಿದ ಚೀಟಿಗಳಲ್ಲಿ ವಶೀಕರಣಕ್ಕೆ ಫೋನ್ ನಂಬರು ಕೊಟ್ಟು ಧೈರ್ಯವಾಗಿ ಜಾಹೀರಾತು ಹಾಕುವ ‘ಬಂಗಾಲಿ ಬಾಬಾ’ಗಳನ್ನು ಎಷ್ಟು ಕಂಡಿದ್ದೇವೆ! ‘ಬಂಗಾಲಿ ಬಾಯಿ’ಯ ಒಂದು ಚೀಟಿಯನ್ನೂ ಇಪ್ಪತ್ತು ವರ್ಷದ ಪ್ರಯಾಣದಲ್ಲಿ ನಾವು ಕಂಡಿಲ್ಲ.

ಈ ಮಾತಿಗೆ ಸೇರಿದ ನಮ್ಮದೇ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಇದನ್ನು ಯಾರಿಗೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ರಾತ್ರಿ ಒಂದು ಹೆಣ್ಣುದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ. ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ. ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂತಿರುಗುತ್ತದೆ. ಮರುದಿನವೂ ಅದೇ ಬರಹ ಕಂಡು ಮತ್ತೆ ಹಿಂತಿರುಗುತ್ತದೆ. (ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೆಂಬುದು ಇಂದಿನ ಬೆಂಗಳೂರನ್ನು ನೋಡಿದರೆ ಸಂತೋಷದ ವಿಷಯವೇ.) 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಇದನ್ನೇ ಮಧ್ಯಪ್ರದೇಶದ ಚಂದೇರಿಗೆ ಸಾಗಿಸಿ ದುಡ್ಡು ಮಾಡಿಕೊಂಡಿತು. ಆ ಬೇಸಿಗೆಯಲ್ಲಿ ನಾವು ತುಮಕೂರಿನ ಕಡೆಯ ಅಜ್ಜಿಯ ಮನೆಯಲ್ಲಿದ್ದೆವು. ಹತ್ತು ಹನ್ನೊಂದರ ಪ್ರಾಯ. ಅಕ್ಷರ ಗುಂಡಗಿದೆ ಎಂದು ಬೀದಿಯ ಅರ್ಧ ಮನೆಗಳ ಬಾಗಿಲಿಗೆ ಸುಣ್ಣದಲ್ಲಿ ಬರೆದ ಕೈ ನಮ್ಮದೇ. ಅದಕ್ಕೆ ಪ್ರತಿಫಲವಾಗಿ ಹುರಿಗಡಲೆ, ಬೆಲ್ಲ.

ಬೀದಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ಮೂಲೆಮನೆಯವಳು ಎಂದು ಕರೆಯುತ್ತಿದ್ದರು. ನಮ್ಮ ಅಜ್ಜಿಯ ಮನೆಗೆ ಮಜ್ಜಿಗೆಗೆ ಬರುತ್ತಿದ್ದಳು; ನಮಗೆ ಬಿಕ್ಕೆಹಣ್ಣು ತಂದುಕೊಡುತ್ತಿದ್ದಳು. ಒಂದು ರಾತ್ರಿ ಬಾಗಿಲು ಬಡಿದ ಸದ್ದಾಯಿತು. “ಅಮ್ಮಾವ್ರೇ, ಅಮ್ಮಾವ್ರೇ” ಎಂದು ಕೂಗು. ಆ ದನಿ ಅವಳದೆಂದು ಮನೆಯಲ್ಲಿದ್ದ ಎಂಟು ಜನಕ್ಕೂ ಗೊತ್ತಾಯಿತು. ಗೊತ್ತಾದ ಕಾರಣಕ್ಕೇ ಯಾರೂ ಏಳಲಿಲ್ಲ, ಏಕೆಂದರೆ ಗೊತ್ತಿದ್ದವರ ದನಿಯಲ್ಲೇ ಅಲ್ಲವೆ ಅದು ಕೂಗುವುದು? ಅಜ್ಜಿ ನಮ್ಮ ಬಾಯಿಯ ಮೇಲೆ ಕೈಯಿಟ್ಟು, “ಓ ಅನ್ನಬೇಡ ಮಗಾ” ಎಂದರು. ಎರಡು ಸಲ ಕೂಗಿದಳು, ಮೂರು ಸಲ ಕೂಗಿದಳು. ಆಮೇಲೆ ಪಕ್ಕದ ಮನೆಯ ಬಾಗಿಲು, ಅದರ ಪಕ್ಕದ ಬಾಗಿಲು. ಎಲ್ಲದರ ಮೇಲೂ ನಮ್ಮ ಕೈಬರಹ.

ಬೆಳಿಗ್ಗೆ ತಿಳಿಯಿತು. ಅವಳ ತಮ್ಮನ ಮಗುವಿಗೆ ವಾಂತಿಭೇದಿಯಾಗಿ, ಗಾಡಿ ಕಟ್ಟಿಸಿಕೊಡಿ ಎಂದು ಕೇಳಲು ಬಂದಿದ್ದಳು. ಮಗುವನ್ನು ಎತ್ತಿಕೊಂಡು ಕತ್ತಲಲ್ಲಿ ಮೂರು ಮೈಲಿ ನಡೆದಳಂತೆ. ಮಗು ಬದುಕಿಕೊಂಡಿತು. ಆದರೆ ಅವಳು ಮತ್ತೆ ಮಜ್ಜಿಗೆಗೆ ಬರಲಿಲ್ಲ. ನಮ್ಮ ಮನೆಯವರಿಗೂ ಮುಖ ಎತ್ತಿ ನೋಡಲು ನಾಚಿಕೆ. ಆ ನಾಚಿಕೆ ಕೆಲವು ದಿನಗಳಲ್ಲಿ ವಿಚಿತ್ರವಾಗಿ ಬದಲಾಗಿ, ‘ಅಷ್ಟು ಹೊತ್ತಿನಲ್ಲಿ ಒಬ್ಬಳೇ ಓಡಾಡುವ ಧೈರ್ಯ ಅವಳಿಗೆ ಎಲ್ಲಿಂದ ಬಂತು’ ಎಂಬ ಮಾತು ಬೀದಿಯಲ್ಲಿ ಹುಟ್ಟಿತು. ರಜೆ ಮುಗಿದು ನಾವು ಹೊರಡುವ ಹೊತ್ತಿಗೆ ಮಕ್ಕಳು ಅವಳ ಮನೆಯ ಮುಂದೆ ಓಡಿ ದಾಟುವುದನ್ನು ಕಲಿತಿದ್ದರು. ನಾವೂ ಓಡಿದೆವು.

ಇದನ್ನು ನಾವು ಮಗಳಿಗೆ ಹೇಳಿದ್ದು ಪುಸ್ತಕಕ್ಕೆ ಬೀಗ ಹಾಕಿದ ಎರಡು ದಿನಗಳ ನಂತರ. ನೋಡು, ಇಂಥ ಕತೆಗಳಿಂದ ಇಂಥ ಅನಾಹುತ ಎಂದು ನಮ್ಮ ವಾದವನ್ನು ಗಟ್ಟಿ ಮಾಡಿಕೊಳ್ಳುವುದು ಉದ್ದೇಶವಾಗಿತ್ತು. ಅವಳು ಪೂರ್ತಿ ಕೇಳಿ, ಅಲ್ಮೇರಾದ ಕೀಲಿ ಕೇಳಿದಳು. ತೆಗೆದುಕೊಟ್ಟ ಪುಸ್ತಕ ಟೆರಿ ಪ್ರಾಚೆಟ್ ಎಂಬ ಇಂಗ್ಲಿಷ್ ಲೇಖಕರದು, 2003ರದು. ಇದು ಪಟ್ಟಣದ ಕತೆಯಲ್ಲ, ಕುರಿ ಮೇಯಿಸುವ ಗುಡ್ಡಗಾಡಿನದು. ಅದರ ನಾಯಕಿ ಟಿಫನಿ ಎಂಬ ಒಂಬತ್ತು ವರ್ಷದ ಹುಡುಗಿ. ಅವಳ ಊರಿನಲ್ಲಿ ಒಂಟಿ ಮುದುಕಿಯೊಬ್ಬಳಿರುತ್ತಾಳೆ. ಜಮೀನುದಾರನ ಮಗ ಕಾಣೆಯಾದಾಗ ಮುದುಕಿಯೇ ಮಾಟಗಾತಿ ಎಂದು ಊರವರು ಅವಳ ಮನೆಯನ್ನು ಸುಡುತ್ತಾರೆ, ಬೆಕ್ಕನ್ನು ಕೊಲ್ಲುತ್ತಾರೆ. ಯಾರೂ ಒಳಗೆ ಕರೆಯದೆ ಅವಳು ಹಿಮದಲ್ಲಿ ಸಾಯುತ್ತಾಳೆ. ಇನ್ನೊಮ್ಮೆ ಹೀಗಾಗಕೂಡದು, ಅದಕ್ಕಾಗಿ ತಾನೇ ಮಾಟಗಾತಿಯಾಗುತ್ತೇನೆ ಎಂದು ಆ ಹುಡುಗಿ ನಿಶ್ಚಯಿಸುತ್ತಾಳೆ. ನಮ್ಮ ಮಗಳು ಈ ಪುಸ್ತಕವನ್ನು ನಾಲ್ಕು ಸಲ ಓದಿದ್ದಳು. ನಾವು ಅದನ್ನು ಕಸಿದುಕೊಂಡಿದ್ದೆವು.

ಅಂದಿನಿಂದ ಈ ವಿಷಯವನ್ನು ಬೇರೆ ರೀತಿಯಲ್ಲಿ ಯೋಚಿಸತೊಡಗಿದ್ದೇವೆ. ನಾವು ಚಿಕ್ಕಂದಿನಲ್ಲಿ ಕೇಳಿದ ದೆವ್ವದ ಕತೆ, ಮಾಟದ ಕತೆ ಎಲ್ಲವೂ ಚಿಲಕ ಹಾಕಿದ ಮನೆಯ ಒಳಗೆ ಕುಳಿತವರು ಹೇಳಿದವು. ಕೇಳುವವರೂ ಒಳಗಿನವರೇ. ಮಗಳ ಪುಸ್ತಕಗಳಲ್ಲಿ ಕತೆ ಹೇಳುವವಳು ಬಾಗಿಲ ಹೊರಗೆ ನಿಂತಿದ್ದಾಳೆ. ಅವಳಿಗೆ ಚಳಿಯಾಗುತ್ತದೆ, ಹಸಿವಾಗುತ್ತದೆ, ಒಳಗಿನವರ ಉಸಿರು ಕೇಳಿಸುತ್ತದೆ. ಹದಿನೈದರ ಹುಡುಗಿಗೆ ಆ ಜಾಗ ಪರಿಚಿತವಾಗಿ ಕಂಡರೆ ಆಶ್ಚರ್ಯವೇನು? ನಿನ್ನೆಯವರೆಗೆ ಮಡಿಲಲ್ಲಿ ಕೂರಿಸಿಕೊಂಡಿದ್ದ ಮನೆಯೇ ಇದ್ದಕ್ಕಿದ್ದಂತೆ ಅವಳ ಉಡುಪು, ನಗು, ಮನೆಗೆ ಬರುವ ಹೊತ್ತು ಎಲ್ಲದರ ಮೇಲೆ ಕಣ್ಣಿಡುತ್ತದೆ. ಏಳೆಂಟು ವರ್ಷದ ಹಿಂದೆ, ಇದೇ ಮಗಳನ್ನು ಶಿವಾಜಿ ಮಂದಿರಕ್ಕೆ ರತ್ನಾಕರ ಮತ್ಕರಿಯವರ ‘ಅಲಬತ್ಯಾ ಗಲಬತ್ಯಾ’ ಮಕ್ಕಳ ನಾಟಕಕ್ಕೆ ಕರೆದುಕೊಂಡು ಹೋಗಿದ್ದೆವು. ಹಿಂದೊಮ್ಮೆ ದಿಲೀಪ್ ಪ್ರಭಾವಳ್ಕರ್ ಮಾಡಿ ಹೆಸರಾದ ಚಿಂಚಿ ಚೇಟಕೀಣಿಯ ಪಾತ್ರವನ್ನು 2018ರಲ್ಲಿ ವೈಭವ್ ಮಾಂಗ್ಲೆ ಮಾಡುತ್ತಿದ್ದರು. ಗಂಡಸರೇ ಕಟ್ಟಿದ ಆ ಮಾಟಗಾತಿಯನ್ನು ಕಂಡು ಸಭಾಗೃಹದ ಮಕ್ಕಳೆಲ್ಲ ಕಿರುಚಿ ನಗುತ್ತಿದ್ದರು, ಮಗಳೂ ನಕ್ಕಳು. ವಾಪಸು ಬರುವಾಗ, “ಅವಳಿಗೆ ಮನೆಯಲ್ಲಿ ಯಾರೂ ಇಲ್ಲವಾ?” ಎಂದು ಕೇಳಿದ್ದಳು. ನಾವು ವಡಾಪಾವ್ ಕೊಡಿಸಿ ಮಾತು ಮರೆಸಿದ್ದೆವು.

ಪಟ್ಟಣವೇ ಏಕೆ ಬೇಕು ಈ ಕತೆಗಳಿಗೆ? ಹಳ್ಳಿಯಲ್ಲಿ ಗುಟ್ಟು ಎಂಬುದಿಲ್ಲ. ದಾದರಿನಲ್ಲಿ ಒಬ್ಬಳು ಹುಡುಗಿ ಎರಡು ಬಾಳು ಬಾಳಬಹುದು. ನಮ್ಮಂಥವರ ಒಂದು ಕೋಣೆ, ಒಂದು ಅಡಿಗೆಮನೆಯಲ್ಲಿ ಅವಳಿಗೆ ಬಾಗಿಲು ಹಾಕಿಕೊಳ್ಳುವ ಸ್ಥಳವೇ ಇಲ್ಲ. ಪುಸ್ತಕದೊಳಗೆ ಇದೆ. ಜಪಾನಿನ ಎಯ್ಕೊ ಕಾದೊನೊ ಅವರು 1985ರಲ್ಲಿ ಬರೆದ ಕಿಕಿ ಎಂಬ ಹುಡುಗಿಯ ಕತೆಯನ್ನು ಮಗಳು ಹೇಳಿದಾಗ ನಾವು ಚಕಿತರಾದೆವು. ಮಾಟಗಾತಿಯರ ಕುಲದ ಹುಡುಗಿ ಹದಿಮೂರು ತುಂಬಿದೊಡನೆ ಮನೆ ಬಿಟ್ಟು, ತನ್ನವರು ಯಾರೂ ಇಲ್ಲದ ಪಟ್ಟಣಕ್ಕೆ ಹೋಗಿ ಒಂದು ವರ್ಷ ತಾನೇ ದುಡಿದು ಬದುಕಬೇಕು. ಅವಳಿಗೆ ಬರುವುದು ಹಾರುವ ವಿದ್ಯೆ ಒಂದೇ. ಅದರಿಂದ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ ಹಿಡಿಯುತ್ತಾಳೆ. ಇದು ನಮ್ಮ ಕತೆಯಲ್ಲವೆ? ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಹನ್ನೆರಡು ಹದಿಮೂರರ ಎಷ್ಟು ಹುಡುಗರು ಈ ಊರಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು! ಅವರಿಗೆ ಕಸಬರಿಗೆಯೂ ಇತ್ತು, ಆದರೆ ಅದು ಗುಡಿಸಲು ಮಾತ್ರ.

ಇಷ್ಟು ಹೇಳಿದ ಮೇಲೆ ಈ ಪುಸ್ತಕಗಳ ವಿಷಯದಲ್ಲಿ ನಮಗಿರುವ ಆಕ್ಷೇಪವನ್ನೂ ಹೇಳಬೇಕು. ಮೂಢನಂಬಿಕೆಯ ಭಯ ಈಗ ನಮಗಿಲ್ಲ. ಈ ಹುಡುಗಿಯರು ಮಂತ್ರವನ್ನು ನಂಬಿ ಓದುವುದಿಲ್ಲ, ಪಂಚತಂತ್ರ ಓದಿದ ನಾವು ನರಿಯೊಡನೆ ಮಾತಾಡಲು ಹೋದೆವೆ? ಆಕ್ಷೇಪವೆಂದರೆ, ಇವುಗಳಲ್ಲಿ ಹೆಚ್ಚಿನವಲ್ಲಿ ಶಕ್ತಿ ಹುಟ್ಟಿನಿಂದ ಬರುತ್ತದೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ. ‘ಶರಾರತ್’ನಲ್ಲೂ ಹಾಗೆಯೇ. ಹ್ಯಾರಿ ಪಾಟರಿನಲ್ಲಿ ಶುದ್ಧರಕ್ತದ ಜಂಬ ಕೊಚ್ಚುವವರನ್ನು ಖಳರನ್ನಾಗಿ ಮಾಡಿದ್ದಾರೆ, ಅದು ಸರಿ. ಆದರೆ ಶಕ್ತಿಯಿಲ್ಲದೆ ಹುಟ್ಟಿದ ನಮ್ಮಂಥವರಿಗೆ ಅಲ್ಲಿಯೂ ಆ ಶಾಲೆಯಲ್ಲಿ ಸೀಟಿಲ್ಲ. ಕುಲವನ್ನು ಪ್ರಶ್ನಿಸಿದ ವಚನಕಾರರ ನಾಡಿನಿಂದ ಬಂದವರಿಗೆ ಇದು ರುಚಿಸುವುದು ಕಷ್ಟ. ಮಗಳೊಡನೆ ಇದನ್ನು ವಾದಿಸಿದಾಗ ಅವಳು ನ್ನೆಡಿ ಒಕೊರಾಫೋರ್ ಅವರ ‘ಅಕಾಟಾ ವಿಚ್’ ತೋರಿಸಿದಳು. ನೈಜೀರಿಯಾದ ಕತೆ, 2011ರದು. ಹನ್ನೆರಡು ವರ್ಷದ ನಾಯಕಿಗೆ ಚರ್ಮದಲ್ಲಿ ಬಣ್ಣವೇ ಇಲ್ಲ, ಬಿಸಿಲಿಗೆ ಹೋಗುವಂತಿಲ್ಲ, ಎಲ್ಲರೂ ಅಣಕಿಸುತ್ತಾರೆ. ಆ ಲೋಕದಲ್ಲಿ ಹೊಸದೊಂದನ್ನು ನಿಜವಾಗಿ ಕಲಿತಾಗ ಮಾತ್ರ ಆಕಾಶದಿಂದ ನಾಣ್ಯ ಉದುರುತ್ತದೆ. ತುಟ್ಟಿಭತ್ಯೆಗಾಗಿ ಕಾದು ಕೂರುವ ನಮಗೆ ಈ ಏರ್ಪಾಟು ಬಹಳ ಹಿಡಿಸಿತು. ಆದರೂ ಆಕ್ಷೇಪ ಪೂರ್ತಿ ಹೋಗಿಲ್ಲ.

ಇನ್ನೊಂದು ಸಂದೇಹ ಇದಕ್ಕಿಂತ ದೊಡ್ಡದು. ಕತೆಯ ಮಾಟಗಾತಿಗೆ ಶಕ್ತಿ ನಿಜವಾಗಿಯೂ ಇರುತ್ತದೆ. ಬೆಂಕಿ ಹಚ್ಚಲು ಬಂದವರನ್ನು ಅವಳು ಎದುರಿಸಬಲ್ಲಳು. ನಿಜವಾದ ಮೂಲೆಮನೆಯವಳಿಗೆ ಏನೂ ಇರುವುದಿಲ್ಲ. 1692ರಲ್ಲಿ ಅಮೆರಿಕದ ಸೇಲಂ ಊರಿನಲ್ಲಿ ಹತ್ತೊಂಬತ್ತು ಮಂದಿಯನ್ನು ನೇಣಿಗೆ ಹಾಕಿದರಲ್ಲ, ಆ ಮೊಕದ್ದಮೆಗಳಲ್ಲಿ ಮೊದಲು ಬೆರಳು ತೋರಿಸಿದವರಲ್ಲಿ ಒಂಬತ್ತು, ಹನ್ನೊಂದು, ಹನ್ನೆರಡರ ಹುಡುಗಿಯರೇ ಇದ್ದರು. ನಮ್ಮ ಕಡೆಯ ಉದಾಹರಣೆಗೆ ದೂರ ಹೋಗಬೇಕಿಲ್ಲ. ಕಲಬುರಗಿ, ಬೀದರ ಜಿಲ್ಲೆಗಳ ಬಾನಾಮತಿ ಹಿಂದೆ ಪತ್ರಿಕೆಗಳಲ್ಲಿ ಎಷ್ಟು ಬರುತ್ತಿತ್ತು! ಹರೆಯದ ಹುಡುಗಿಯರು, ಹೊಸದಾಗಿ ಮದುವೆಯಾದವರು ನಾಯಿಯಂತೆ ಬೊಗಳುವುದು, ಮೈಮೇಲೆ ಪರಿವೆಯಿಲ್ಲದೆ ಕೂಗಾಡುವುದು; ಮಾಡಿಸಿದವರು ಯಾರು ಎಂದು ಊರಿಗೆ ಊರೇ ಹುಡುಕುವುದು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ಡಾ. ಎಚ್. ನರಸಿಂಹಯ್ಯನವರು ಮುಂದೆ ಇದರ ತನಿಖೆಯಲ್ಲೂ ಕೈಹಾಕಿದರು. ಪರಿಶೀಲಿಸಿದ ಮನೋವೈದ್ಯರು ಮಾಟವನ್ನು ಕಾಣಲಿಲ್ಲ, ಬಾಯಿಬಿಟ್ಟು ಹೇಳಲಾಗದ ಸಂಕಟವನ್ನು ಕಂಡರು. ಬೊಗಳಿದ ಹುಡುಗಿಗೂ ಮಾತಾಡಲು ಬೇರೆ ದಾರಿ ಇರಲಿಲ್ಲ. ಅವಳ ಸಂಕಟದ ಬೆಲೆಯನ್ನು ತೆತ್ತವಳು ಇನ್ನೊಬ್ಬ ಹೆಂಗಸು. ಗಡಿಯಾಚೆಯ ತೆಲಂಗಾಣದ ಮೆದಕ್ ಕಡೆಯಲ್ಲಿ, ಮಂತ್ರ ಹೇಳಲು ಬಾರದಿರಲೆಂದು ಹಲ್ಲು ಕಿತ್ತ ಪ್ರಕರಣಗಳಿವೆ. ಕೊಲೆಯ ಕಾರಣಗಳನ್ನು ಪಟ್ಟಿ ಮಾಡುವ ಕೇಂದ್ರ ಸರಕಾರದ ವಾರ್ಷಿಕ ಅಪರಾಧ ವರದಿಯಲ್ಲಿ ‘ಮಾಟ’ಕ್ಕೆ ಪ್ರತ್ಯೇಕ ಕಾಲಂ ಇದೆ. ಕಾಲಂಗಳನ್ನು ತುಂಬುವುದೇ ವೃತ್ತಿಯಾದ ನಮಗೆ, ಖಾಲಿ ಉಳಿಯದ ಆ ಕಾಲಂ ಎಂದರೇನೆಂದು ಗೊತ್ತು.

ಶಕ್ತಿಯ ಬಗ್ಗೆ ನಮ್ಮವರು ಹೇಳಿದ ಒಂದು ಕತೆ ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವೆಂದು ನಮಗೆ ತೋರುತ್ತದೆ. ಎ.ಕೆ. ರಾಮಾನುಜನ್ನರು ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕತೆ. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಚಿತ್ರ ಮಾಡಿದರು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಕಾರ ವಿಯೆನ್ನಾದಲ್ಲಿ ಆಪೆರಾ ಮಾಡಿದ. ಬಡ ತಾಯಿಯ ಕಷ್ಟ ನೋಡಲಾರದೆ ಚಿಕ್ಕ ಮಗಳು ಮರವಾಗುತ್ತಾಳೆ, ಅಕ್ಕ ಹೂ ಬಿಡಿಸಿಕೊಳ್ಳುತ್ತಾಳೆ, ಇಬ್ಬರೂ ಮಾರುತ್ತಾರೆ. ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಉಗುರು ತಾಗಬಾರದು, ಚಿಗುರು ಮುರಿಯಬಾರದು. ಶಕ್ತಿ ಅವಳದೇ, ಆದರೆ ಮರಳಿ ಮನುಷ್ಯಳಾಗುವುದು ನೀರು ಸುರಿಯುವವರ ಕೈಯಲ್ಲಿದೆ. ದೊರೆಮಗನನ್ನು ಮದುವೆಯಾದ ಮೇಲೆ ನಾದಿನಿ ಗೆಳತಿಯರೊಡನೆ ಒತ್ತಾಯಿಸಿ ಅವಳನ್ನು ಮರ ಮಾಡಿ, ಕೊಂಬೆ ಮುರಿದು, ಎರಡನೆಯ ಬಿಂದಿಗೆಯನ್ನು ಹೇಗೆಂದರೆ ಹಾಗೆ ಚೆಲ್ಲಿ ಹೊರಟುಹೋಗುತ್ತಾಳೆ. ಕೈಕಾಲಿಲ್ಲದ ಮುದ್ದೆಯಾಗಿ ಹುಡುಗಿ ಬಿದ್ದಿರುತ್ತಾಳೆ.

ಒಂದು ಭಾನುವಾರ ನಸುಕಿನಲ್ಲಿ ಮಗಳನ್ನು ದಾದರಿನ ಹೂವಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಫ್ಲೈಓವರಿನ ಕೆಳಗೆ ಚೆಂಡುಹೂವಿನ ರಾಶಿಗಳ ನಡುವೆ ನಿಂತು ಈ ಕತೆ ಹೇಳಿದೆವು. ಅವಳ ಪುಸ್ತಕಗಳಿಗೆ ನಮ್ಮ ಉತ್ತರ ಇದು ಎಂದು ಸ್ವಲ್ಪ ಹೆಮ್ಮೆಯೂ ಇತ್ತು. ಅವಳಿಗೆ ಹಿಡಿಸಿತು. ಆದರೆ ಅವಳ ತಲೆಯಲ್ಲಿ ಇನ್ನೂ ಹಿಂದಿನದೇ ಇತ್ತೆಂದು ಕಾಣುತ್ತದೆ. ಹೂ ಕಟ್ಟಿಸಿಕೊಂಡು ಹಿಂತಿರುಗುವಾಗ, “ಆ ಮೂಲೆಮನೆಯವರ ಹೆಸರೇನು ಅಪ್ಪಾ?” ಎಂದಳು.

ನಮಗೆ ಗೊತ್ತಿರಲಿಲ್ಲ. ಅಂದು ಸಂಜೆ ಊರಿನಲ್ಲಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆವು. ಎಂಬತ್ತು ದಾಟಿದವರು, ಬೀದಿಯ ಪ್ರತಿ ಮನೆಯ ಮೂರು ತಲೆಮಾರಿನ ಲೆಕ್ಕ ಹೇಳಬಲ್ಲವರು. ಅವಳು ಸತ್ತು ಹದಿನೈದು ವರ್ಷವಾಯಿತೆಂದೂ, ಅಂದು ವಾಂತಿಭೇದಿಯಾಗಿದ್ದ ಮಗು ಈಗ ತುಮಕೂರಿನಲ್ಲಿ ಆಟೋ ಓಡಿಸುತ್ತಾನೆಂದೂ ಹೇಳಿದರು. ಹೆಸರು ಕೇಳಿದಾಗ ತುಸು ಹೊತ್ತು ಸುಮ್ಮನಿದ್ದು, “ಮೂಲೆಮನೆಯವಳು ಅಂತಲೇ ಅಲ್ವೇನೋ ಎಲ್ಲರೂ ಅಂತಿದ್ದದ್ದು” ಎಂದರು. ಆಟೋದವನ ನಂಬರು ಸಿಕ್ಕೀತೇ ಎಂದು ಕೇಳಿದ್ದೇವೆ; ವಿಚಾರಿಸಿ ತಿಳಿಸುತ್ತೇನೆಂದಿದ್ದಾರೆ.